ಕೌದಿಯ ಹೊಟ್ಟೆ

ಸೂಜಿ ಮುರಿದ ಸದ್ದೇನೂ ದೊಡ್ಡದಾಗಿರಲಿಲ್ಲ. ಒಣಗಿದ ತೊಗರಿ ಕಡ್ಡಿ ಕಾಲಡಿಗೆ ಸಿಕ್ಕಂತೆ ಟಿಕ್ ಎಂದಿತು. ಅದರ ಬೆನ್ನಿಗೇ ಮಷಿನ್ನಿನ ಒಳಗಿಂದ ಕರಕರ ಸದ್ದೆದ್ದಾಗ ಶೈಲಶ್ರೀ ಹ್ಯಾಂಡಲ್ಲಿನ ಗುಂಡಿಯಿಂದ ಬೆರಳು ತೆಗೆದಳು. ಎಡ ಅಂಗೈ ಮಾತ್ರ ಬಟ್ಟೆಯ ಮೇಲಿಟ್ಟ ಗಾಜಿನಂಥ ಪಟ್ಟಿಯ ಮೇಲೆ ಒತ್ತಿದ್ದು ಒತ್ತಿದ ಹಾಗೇ ಇತ್ತು.

ಅಂದು ಶುಕ್ರವಾರ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ವಾರದ ರಜೆ. ಎದುರಿನ ಬಣ್ಣದ ಕಾರ್ಖಾನೆಯ ಚಿಮಣಿ ಸುಮ್ಮನಿತ್ತು. ಗಾಳೆಯ, ಅಂದರೆ ಆ ಸಣ್ಣ ಕಾರ್ಖಾನೆ ಮಳಿಗೆಯ, ಶಟರ್ ಅರ್ಧ ಎತ್ತಿದ್ದರಿಂದ ಬಿಸಿಲು ಒಳಗೆ ಬಂದು ನೆಲದ ಮೇಲಿನ ದಾರದ ಚೂರುಗಳ ಮೇಲೆ ಬಿದ್ದಿತ್ತು. ಗೋಡೆಯಿಂದ ಗೋಡೆಗೆ ಚಾಚಿದ ಕಬ್ಬಿಣದ ಚೌಕಟ್ಟು, ಅದರ ಎರಡೂ ಕಡೆಯ ರೋಲರುಗಳಿಗೆ ಸುತ್ತಿಕೊಂಡ ಬಟ್ಟೆ, ಮೇಲೆ ಹಳಿಗಳ ಮೇಲೆ ಅತ್ತಿತ್ತ ಓಡಾಡುವ ಉದ್ದ ಕುತ್ತಿಗೆಯ ಹೊಲಿಗೆ ಯಂತ್ರ. ಕಂಪನಿಯವರ ಬಾಯಲ್ಲಿ ಅದು ಲಾಂಗ್‌ಆರ್ಮ್. ಇಲ್ಲಿ ಕೆಲಸ ಮಾಡುವ ಹೆಂಗಸರ ಬಾಯಲ್ಲಿ ಒಂಟೆ. ಮನೆಯ ಮಷಿನ್ನಿನಲ್ಲಾದರೆ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಬೇಕು. ಒಂಟೆಯಲ್ಲಿ ಬಟ್ಟೆ ಬಿಗಿದುಕೊಂಡು ನಿಂತಿರುತ್ತದೆ, ಹ್ಯಾಂಡಲ್ ಹಿಡಿದು ಸೂಜಿಯನ್ನೇ ನಡೆಸಬೇಕು. ಡಬಲ್ ಬೆಡ್ಡಿನ ರಜಾಯಿಗಳಿಗಾಗಿ ಮಾಡಿದ ಆ ಚೌಕಟ್ಟಿನ ನಡುವೆ ಇವತ್ತು ತೊಟ್ಟಿಲಿನಷ್ಟೇ ಅಗಲದ ಕೌದಿಯೊಂದು, ಬಯಲಲ್ಲಿ ಯಾರೋ ಮರೆತು ಹೋದ ಕರವಸ್ತ್ರದಂತೆ ಕಾಣುತ್ತಿತ್ತು.

ಪ್ರಫುಲ್ಲಾ ತನ್ನ ಮೇಜಿನಿಂದ ಎದ್ದು ಬಂದಳು. ಗಾಳೆ ಅವಳದು, ಒಂಟೆಯೂ ಅವಳದು. ಉಡುಪಿಯ ಕಡೆಯವಳು, ಅವಳ ಗಂಡ ಕಮಲಾಕ್ಷನ ಹೋಟೆಲು ಠಾಣೆಯ ಮಾಜಿವಾಡಾದಲ್ಲಿತ್ತು. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬೇಸರವಾಗಿ ಈ ವ್ಯಾಪಾರಕ್ಕೆ ಕೈಹಾಕಿದವಳು.

"ಎಂತ ಆಯ್ತು ಶೈಲಾ?"

"ಸೂಜಿ ಹೋತ್ರಿ."

"ಸೂಜಿ ಹೋಗ್ಲಿ, ಒಳಗೆ ಎಂತ ಕರಕರ?"

ಪ್ರಫುಲ್ಲಾ ಬಗ್ಗಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೌದಿಯ ನಡುವಿನ ಕೆಂಪು ತುಂಡನ್ನು ನೋಡಿದಳು. ಸೂಜಿ ಹೊಡೆದ ಕಡೆ ಬಟ್ಟೆ ಹರಿದು ಸಣ್ಣ ಬಾಯಿ ಬಿಟ್ಟಿತ್ತು. ಚಿಮಟದಿಂದ ಅದರೊಳಗಿನ ಬಿಳಿಯ ಚೂರೊಂದನ್ನು ಎತ್ತಿ ಅಂಗೈಯಲ್ಲಿ ಹಾಕಿಕೊಂಡಳು.

"ಎಂತದಿದು?"

"ಜ್ವಾಳರಿ."

"ಜೋಳವಾ?"

"ಹೂಂ ರಿ."

ಪ್ರಫುಲ್ಲಾ ಅವಳ ಮುಖ ನೋಡಿದಳು, ಅಂಗೈ ನೋಡಿದಳು. "ನಮ್ಮವರು ಇಷ್ಟು ವರ್ಷ ಹೋಟೆಲು ನಡೆಸಿದ್ದಾರೆ ಮಾರಾಯ್ತಿ, ಎಂಥೆಂಥವರಿಗೆಲ್ಲ ತಿನ್ನಿಸಿದ್ದಾರೆ. ಮಷಿನಿಗೆ ಜೋಳ ತಿನ್ನಿಸಿದ್ದು ಮಾತ್ರ ನೀನೇ ಮೊದಲು."

ಶೈಲಶ್ರೀಗೆ ನಗು ಬರಲಿಲ್ಲ.

ಕೌದಿಗೆ ಹೊಟ್ಟೆಯಿರುತ್ತದೆ ಎಂದು ಹೋದ ವಾರ ಈ ಮಷಿನ್ನನ್ನು ಬಳಸಲು ಕೇಳಿಕೊಳ್ಳುವಾಗ ಅವಳೇ ಪ್ರಫುಲ್ಲಾಗೆ ಹೇಳಿದ್ದಳು. ಬಾದಾಮಿ ಕಡೆಯ ಅವಳ ಮಂದಿಯಲ್ಲಿ ಮೊದಲ ಮೊಮ್ಮಗುವಿನ ತೊಟ್ಟಿಲಿಗೆ ಕೌದಿ ಹೊಲಿಯಬೇಕಾದವಳು ತಾಯಿಯ ತಾಯಿ. ನಡುವಿನ ತುಂಡಿನ ಒಂದು ಬದಿಯನ್ನು ಹೊಲಿಯದೆ ಬಿಟ್ಟಿರುತ್ತಾರೆ. ಅದೇ ಹೊಟ್ಟೆ. ತೊಟ್ಟಿಲಿಗೆ ಹಾಕುವ ದಿನ ಎರಡೂ ಕಡೆಯ ಬೀಗತಿಯರು ಚಿಟಿಕೆ ಚಿಟಿಕೆ ಜೋಳವನ್ನು ಆ ಹೊಟ್ಟೆಗೆ ಹಾಕುತ್ತಾರೆ; ಅಜ್ಜಿ ಎಲ್ಲರೆದುರು ಕೂತು ಸೂಜಿ ದಾರ ಹಿಡಿದು ಅದನ್ನು ಮುಚ್ಚುತ್ತಾಳೆ. ಆಮೇಲೇ ಕೂಸು ತೊಟ್ಟಿಲಿಗೆ. ಹಸಿದ ಕೌದಿ ಕೂಸಿನ ನಿದ್ದೆ ತಿನ್ನುತ್ತದೆ ಎಂದು ಮಾತು.

"ಅದನ್ನು ತೊಟ್ಟಿಲ ಮುಂದೆ ಹಾಕುವುದು ಅಂತ ಹೇಳಿದ್ದು ನೀನೇ ಅಲ್ವಾ? ಇವತ್ತೇ ಯಾಕೆ ತುಂಬಿಸಿದ್ದು?"

ಶೈಲಶ್ರೀ ಹ್ಯಾಂಡಲ್ ಬಿಟ್ಟ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಪ್ರಫುಲ್ಲಾಗೆ ಅಷ್ಟೇ ಸಾಕಾಯಿತು.

"ಓ," ಎಂದಳು. "ಮುಚ್ಚಿದ ಹೊಟ್ಟೆ ತಗೊಂಡು ಹೋದ್ರೆ ಅಲ್ಲಿ ಯಾರೂ ಸೂಜಿ ಕೊಡುವುದಿಲ್ಲ ಅಂತ."

ಎರಡು ಮಳೆಗಾಲದ ಹಿಂದೆ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಒದ್ದೆ ಮೆಟ್ಟಿಲಲ್ಲಿ ಜನರ ನೂಕಿಗೆ ಬಿದ್ದು ಶೈಲಶ್ರೀಯ ಬಲ ಮಣಿಕಟ್ಟು ಮುರಿದಿತ್ತು. ಎಲುಬೇನೋ ಕೂಡಿತು, ಸ್ವಲ್ಪ ಸೊಟ್ಟಗೆ. ಆಮೇಲೆ ಶುರುವಾಯಿತು ನಡುಕ. ಅದರ ರೀತಿಯೇ ವಿಚಿತ್ರ. ತುಂಬಿದ ಕೊಡ ಎತ್ತಿದರೆ ಕೈ ಕಲ್ಲಿನಂತೆ ನಿಲ್ಲುತ್ತಿತ್ತು. ಲಟ್ಟಣಿಗೆ ಹಿಡಿದರೆ ಸಣ್ಣಗೆ ಅದುರುತ್ತಿತ್ತು. ಹಿಡಿದ ವಸ್ತು ಚಿಕ್ಕದಾದಷ್ಟೂ ನಡುಕ ದೊಡ್ಡದು. ಸೂಜಿ ಹಿಡಿದರಂತೂ ಗಾಳಿಗೆ ಸಿಕ್ಕ ಜೋಳದ ಗರಿಯೇ. ಅವಳ ಮನೆಯಿದ್ದ ಹೌಸಿಂಗ್ ಸೊಸೈಟಿಯ ಕನ್ನಡದ ಹೆಂಗಸರು ಮಗಳ ಬಾಣಂತನಕ್ಕೆ, ಅತ್ತೆಯ ಮಂಡಿನೋವಿಗೆ ಎಂದೆಲ್ಲ ಕೌದಿ ಹೊಲಿಸಲು ಹುಡುಕಿಕೊಂಡು ಬರುತ್ತಿದ್ದ ಕೈ ಅದು. ಆಮೇಲೆ ಬಂದವರು ಅಯ್ಯೋ ಪಾಪ ಎಂದು ಹೋದರು. ಆ ಮಾತನ್ನು ಅವಳು ಮುರಿದ ಎಲುಬಿಗಿಂತ ಕಷ್ಟಪಟ್ಟು ಸಹಿಸಿದಳು.

ಪ್ರಫುಲ್ಲಾಳ ಗಾಳೆಗೆ ಅವಳು ಬಂದದ್ದು ರಜಾಯಿಗಳ ಅಂಚಿನ ದಾರ ಕತ್ತರಿಸಲು. ಒಂಟೆಯನ್ನು ನಡೆಸುತ್ತಿದ್ದವನು ಕಲ್ಯಾಣದ ಮುರಾರಿ. ಅವನದು ಪಟ್ಟಿ ಗೆರೆಗಳಿಲ್ಲದ ಬರಿಗೈ ಕೆಲಸ, ಎಲೆ ಬಳ್ಳಿ ಹೂವುಗಳನ್ನು ನೋಡನೋಡುತ್ತಲೇ ಬಟ್ಟೆಯ ಮೇಲೆ ಬಿಡಿಸುತ್ತಿದ್ದ. ಆದರೆ ತುಂಡುಗಳನ್ನು ಕೂಡಿಸಿದ ರಜಾಯಿ ಬಂದಾಗ ತಿಣುಕುತ್ತಿದ್ದ. ಅಂಥವಕ್ಕೆ ಎರಡು ತುಂಡುಗಳು ಸೇರುವ ಸಂದಿನಲ್ಲೇ, ತಗ್ಗಿನ ಕಡೆಗೇ, ಹೊಲಿಗೆ ಓಡಬೇಕು. ದಾರ ಸಂದಿನೊಳಗೆ ಮುಳುಗಿ ಕಾಣಬಾರದು. ನೂಲಿನಷ್ಟು ಆಚೀಚೆ ಸರಿದರೂ ಮುಖದ ಮೇಲೆ ಗೀರು ಬಿದ್ದಂತೆ ಎದ್ದು ಕಾಣುತ್ತದೆ.

ಮಷಿನ್ನಿನ ಜೊತೆಗೇ ಬಂದಿದ್ದ ಪಟ್ಟಿಗಳ ಡಬ್ಬಿಯೊಂದು ಕಪಾಟಿನ ತಳದಲ್ಲಿ ಧೂಳು ಹಿಡಿದು ಬಿದ್ದಿತ್ತು. ಬೆರಳು ದಪ್ಪದ ಪಾರದರ್ಶಕ ಅಕ್ರಿಲಿಕ್ಕಿನ ತುಂಡುಗಳು. ಒಂದು ನೇರ, ಒಂದು ಬಾಗಿದ್ದು, ಒಂದು ಮೂಲೆಯದು. ಊಟದ ಬಿಡುವಿನಲ್ಲಿ ಒಂದು ದಿನ ಶೈಲಶ್ರೀ ನೇರ ಪಟ್ಟಿಯನ್ನು ಬಟ್ಟೆಯ ಮೇಲಿಟ್ಟು ಎಡ ಅಂಗೈಯಿಂದ ಒತ್ತಿ, ಸೂಜಿಯ ಸುತ್ತಲಿನ ಉಂಗುರದಂಥ ಕಾಲನ್ನು ಪಟ್ಟಿಯ ಅಂಚಿಗೆ ತಾಗಿಸಿ ಬಲಗೈಯಿಂದ ಹ್ಯಾಂಡಲ್ ತಳ್ಳಿದಳು. ಕೈ ನಡುಗಿತು. ಆದರೆ ಆ ನಡುಕಕ್ಕೆ ಹೋಗಲು ಜಾಗವಿರಲಿಲ್ಲ. ಒಂದು ಕಡೆ ಪಟ್ಟಿ ಗೋಡೆಯಂತೆ ನಿಂತಿತ್ತು. ಅವಳು ಕಾಲನ್ನು ಅದಕ್ಕೆ ಆನಿಸಿಯೇ ನಡೆಸಿದಳು. ಹೊಲಿಗೆ ಸಂದಿನೊಳಗೆ ನೀರು ಕಾಲುವೆ ಹಿಡಿದಂತೆ ಓಡಿತು.

"ಭಾಭೀ ಕೀ ಬೈಸಾಖಿ," ಎಂದಿದ್ದ ಮುರಾರಿ. ಕುಂಟರ ಕೋಲು.

"ಬೈಸಾಖಿವಾಲಿ ಕೀ ಲೋಕಲ್ ಕಭೀ ನಹೀಂ ಛೂಟೀ," ಎಂದಿದ್ದಳು ಅವಳು. "ತೇರೀ ರೋಜ್ ಛೂಟತೀ ಹೈ." ಕೋಲಿನವಳ ಲೋಕಲ್ ರೈಲು ಎಂದೂ ತಪ್ಪಿಲ್ಲ, ನಿನ್ನದು ದಿನಾ ತಪ್ಪುತ್ತದೆ. ಮುರಾರಿ ಅವತ್ತೂ ಲೋಕಲ್ ತಪ್ಪಿಸಿಕೊಂಡು ತಡವಾಗಿಯೇ ಬಂದಿದ್ದ. ಗಾಳೆಯ ಹೆಂಗಸರೆಲ್ಲ ನಕ್ಕರು. ಅಲ್ಲಿಂದಾಚೆ ತುಂಡಿನ ರಜಾಯಿಗಳೆಲ್ಲ ಶೈಲಶ್ರೀಯ ಪಾಲಿಗೆ ಬಂದವು.

ಈಗ ಪ್ರಫುಲ್ಲಾ ಮಷಿನ್ನಿನ ಅಡಿಯ ತಟ್ಟೆ ತೆಗೆದು, ಸೂಜಿಯ ಮುರಿದ ಮೊನೆಯನ್ನು ಹುಡುಕಿ ಹೊರಗೆಳೆದಳು. ಹೊಸ ಸೂಜಿ ಸಿಕ್ಕಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದಳು. ಕರಕರ ನಿಂತಿತ್ತು.

"ಮುರಾರಿಗೆ ಹೆದರ್ಲಿಲ್ಲ ನೀನು," ಎಂದಳು ಕೈ ಒರೆಸಿಕೊಳ್ಳುತ್ತ. "ಈ ಬೀಗತಿಗೆ ಹೆದರಿದ್ದಾ?"

"ಹೆದರಿಲ್ರಿ."

"ಹಾಗಾದ್ರೆ ಜೋಳ ಯಾರಿಗೆ ಹೆದರಿ ಒಳಗೆ ಹೋದದ್ದು?"

ಶೈಲಶ್ರೀ ಕೆಂಪು ತುಂಡಿನ ಹರಿದ ಬಾಯಿಯನ್ನು ಬೆರಳಿಂದ ತಡಕಿದಳು. ಕೈಯಿಂದ ಹೊಲಿಯುವಾಗ ಸೂಜಿ ಕಾಳಿಗೆ ತಾಗಿದರೆ ಬೆರಳಿಗೆ ತಿಳಿಯುತ್ತದೆ, ಪಕ್ಕಕ್ಕೆ ಸರಿಯುತ್ತದೆ. ಮಷಿನ್ನು ಸರಿಯುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕಾಳುಗಳನ್ನು ನಡುವಿಗೆ ಸರಿಸಿ ಹೊಲಿದರಾಯಿತು ಎಂದುಕೊಂಡಿದ್ದಳು. ಕಾಳು ಉರುಳಿ ಸಂದಿಗೇ ಬಂದು ಕೂತಿತ್ತು.

ಸಣ್ಣ ಕತ್ತರಿ ತೆಗೆದುಕೊಂಡು ಕೆಂಪು ತುಂಡಿನ ಹರಿದ ಬದಿಯ ಹೊಲಿಗೆಯನ್ನು ಬಿಚ್ಚತೊಡಗಿದಳು. ಕತ್ತರಿಯ ತುದಿ ನಡುಗುತ್ತಿತ್ತು. ಬಿಚ್ಚುವ ಕೆಲಸಕ್ಕೆ ನಡುಕ ಅಡ್ಡಿಯಲ್ಲ. ಕಾಳುಗಳನ್ನು ಒಂದೊಂದಾಗಿ ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಪಟ್ಟಿಯನ್ನು ಉಳಿದ ಬದಿಗೆ ಇಟ್ಟು, ಅದರ ಮೇಲೆ ಕೊರೆದ ಗೆರೆಯನ್ನು ಸಂದಿಗೆ ಸರಿಯಾಗಿ ಕೂಡಿಸಿ, ಅಂಗೈ ಒತ್ತಿದಳು. ತವರಿನ ಇಳಕಲ್ ಸೀರೆಯ ಸೆರಗು, ಗಂಡನ ಹಳೆಯ ಪಂಚೆ, ಮಗಳು ಚಿಕ್ಕವಳಿದ್ದಾಗ ಹಾಕಿದ್ದ ಖಣದ ಲಂಗ. ತುಂಡಿನಿಂದ ತುಂಡಿಗೆ, ಸಂದಿನಿಂದ ಸಂದಿಗೆ ಸೂಜಿ ನಡೆಯಿತು. ಮೂಲೆ ಬಂದಾಗ ನಿಲ್ಲುವುದು, ಸೂಜಿಯನ್ನು ಬಟ್ಟೆಯೊಳಗೇ ಇಳಿಸಿಟ್ಟು ಪಟ್ಟಿ ತಿರುಗಿಸುವುದು, ಮತ್ತೆ ಒತ್ತುವುದು. ಬಿಸಿಲು ಶಟರಿನ ಆಚೆ ಸರಿದು ಹೋಯಿತು. ಕೆಂಪು ತುಂಡಿನ ಒಂದು ಬದಿ ಮಾತ್ರ ತೆರೆದೇ ಉಳಿಯಿತು.

ಹೊರಡುವಾಗ ಅವಳು ನೇರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಪ್ರಫುಲ್ಲಾಳ ಮೇಜಿನ ಮುಂದೆ ನಿಂತಳು.

"ಇದನ್ನ ಮನೀಗೆ ಒಯ್ತೀನ್ರಿ. ರವಿವಾರ ಕೆಲಸ ಐತಿ."

ಪ್ರಫುಲ್ಲಾ ಪಟ್ಟಿಯನ್ನೊಮ್ಮೆ ನೋಡಿದಳು. "ಸೋಮವಾರ ಆರ್ಡರ್ ಉಂಟು, ನೆನಪಿರ್ಲಿ," ಎಂದಳು.

ಮನೆಯಲ್ಲಿ ಮಗಳು ಐಶ್ವರ್ಯಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಫೋನಿನಲ್ಲಿ ಯಾವುದೋ ಕೌದಿಯ ಫೋಟೋ ನೋಡುತ್ತಿದ್ದಳು. ಹೆರಿಗೆಗೆ ತವರಿಗೆ ಬಂದವಳು. ಗಂಡ ಪ್ರಭುದೇವನ ಮನೆ ಕಳಂಬೋಲಿ. ಮಾವನಿಗೆ ಅಲ್ಲಿಯ ಕಬ್ಬಿಣದ ಪೇಟೆಯಲ್ಲಿ ಅಂಗಡಿ. ತಾಯಿ ಚಪ್ಪಲಿ ಬಿಡುವುದರೊಳಗೆ ಫೋನನ್ನು ಅವಳ ಮುಖಕ್ಕೆ ಹಿಡಿದಳು.

"ಮಮ್ಮಿ, ದೇಖ್ ನಾ. ಬದಲಾಪುರದಾಗ ಕೌದಿ ಹೊಲದು ಮಾರೋ ಆಂಟಿ ಕಳಿಸ್ಯಾರ. ಪೂರಾ ಹ್ಯಾಂಡ್‌ಮೇಡ್. ಸೇಮ್ ಟು ಸೇಮ್ ನಿನ್ನ ಕೈ ಇದ್ದಂಗ ಐತಿ."

ಶೈಲಶ್ರೀ ನೋಡಿದಳು. ಒಳ್ಳೆಯ ಕೆಲಸ. ಸಾಲು ಸಾಲಾಗಿ ಇರುವೆ ಹೊರಟಂಥ ಹೊಲಿಗೆ. "ಚಲೋ ಹೊಲದಾಳ," ಎಂದಳು.

"ತೋ ಫಿರ್? ಡ್ಯಾಡಿ ನಾಳೆ ಹೋಗಿ ತರ್ತಾರ. ಸಂಡೇ ಅದನ್ನ ತೊಟ್ಟಿಲಿಗೆ ಹಾಕೋಣ. ನಿಂದು ಮನ್ಯಾಗ ಹಾಸೋಣ, ರೋಜ್ ಕೇ ಲಿಯೇ."

"ಯಾರು ಹೊಲದಿದ್ದು ಅಂತ ಕೇಳಿದ್ರ ನಿಮ್ಮತ್ತಿ?"

ಐಶ್ವರ್ಯಾ ಕೂಸಿನ ಕುಂಚಿಗೆಯ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು. "ನಾನು ಹೇಳಿಬಿಟ್ಟೀನಿ. ಮಮ್ಮಿ ಕೈಯಿಂದ ಮಾಡಾಕತ್ತಾಳ, ಕೈ ಅಬ್ ಠೀಕ್ ಹೈ ಅಂತ. ಅವರಿಗೆ ಅದು ಎಷ್ಟು ಇಂಪಾರ್ಟಂಟ್ ನಿನಗೊತ್ತಿಲ್ಲ. ಇಲ್ಲಾಂದ್ರ ಅವರ ತಾಯಿದು ಹಳೇ ಕೌದಿ ತರ್ತಾರಂತ. ಅದನ್ನ ಹಾಕ್ತಾರಂತ."

ಮದುವೆಗೆ ಮೊದಲು ಹೆಣ್ಣು ನೋಡಲು ಬಂದಿದ್ದ ದಿನ ಆ ಅತ್ತೆ ರತ್ನಾಬಾಯಿ ಈ ಮನೆಯ ದಿವಾನದ ಮೇಲೆ ಹಾಸಿದ್ದ ಕೌದಿಯನ್ನು ಮಗುಚಿ, ಅದರ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದ್ದಳು. ಹಿಂದಿನ ಹೊಲಿಗೆ ಹಿಂಗ ಇದ್ದ ಮನಿ ಹೆಣ್ಣು ನಮಗಿರಲಿ ಎಂದಿದ್ದಳು. ಆ ಮಾತನ್ನು ಶೈಲಶ್ರೀಯ ಗಂಡ ರಾಜಶೇಖರ ಇವತ್ತಿಗೂ ನೆಂಟರೆದುರು ಹೇಳಿಕೊಳ್ಳುತ್ತಿದ್ದ. ಅವನು ಈಗ ಅಡಿಗೆ ಮನೆಯ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ. ಕಲ್ಯಾಣದ ಟ್ರಾನ್ಸ್‌ಪೋರ್ಟ್ ಕಂಪನಿಯೊಂದರಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಯಾರ ಜೊತೆಗೂ ಜಗಳವಿಲ್ಲದೆ ದಿನ ದೂಡುವುದನ್ನು ಕಲಿತವನು.

"ಒಂದ ದಿನದ ಮಾತಲೇ," ಎಂದ. "ಆಕೀದನ್ನ ಇಡೂಣು. ಹುಡುಗಿ ಮಾತು ಉಳೀತೈತಿ. ಯಾರಿಗೇನು ತ್ರಾಸು?"

"ಬದಲಾಪುರದಾಕಿಗೆ ತ್ರಾಸು," ಎಂದಳು ಶೈಲಶ್ರೀ. "ಅಷ್ಟು ಚಲೋ ಹೊಲದಾಳ. ನಂದಂತ ನಾ ಹೇಳಿದ್ರ ಆಕಿ ಎಲ್ಲಿ ಹೋಗಬೇಕು?"

"ಅದು ಆಕೀಗೆ ಗೊತ್ತ ಆಗೂದಿಲ್ಲಲ್ಲ."

"ನನಗ ಗೊತ್ತ ಆಗತೈತಿ."

"ಮಮ್ಮಿ, ಇಜ್ಜತ್ ನಂದು ಹೋಗ್ತದ ವಹಾಂ, ನಿಂದಲ್ಲ." ಐಶ್ವರ್ಯಾ ಫೋನನ್ನು ಪಕ್ಕಕ್ಕೆ ಎಸೆದಳು. "ಕಂಪನಿ ಮಾಲ್ ತಂದಾರ ಅಂತಾರ."

"ಅನ್ಲಿ. ನಾ ಕಂಪನ್ಯಾಗ ಕೆಲಸ ಮಾಡ್ತೀನಿ, ಕಂಪನಿ ಮಾಲ ಇದು." ಚೀಲದಿಂದ ಕೌದಿ ತೆಗೆದು ಮಗಳ ಪಕ್ಕದಲ್ಲಿ ಹಾಸಿದಳು. "ಕೈಯಿಂದ ಮಾಡಾಕತ್ತಾಳ ಅಂದೀ. ಏನ್ ಸುಳ್ಳಾತು? ಹ್ಯಾಂಡಲ್ ಹಿಡಿದಿದ್ದು ನನ್ನ ಕೈ, ಪಟ್ಟಿ ಒತ್ತಿದ್ದು ನನ್ನ ಕೈ. ಕಾಲಿಲೆ ಏನ್ ಹೊಲದಿಲ್ಲ."

ರಾಜಶೇಖರ ಲೋಟದೊಳಗೇ ನಕ್ಕ. ಐಶ್ವರ್ಯಾ ನಗಲಿಲ್ಲ. ಅವಳ ಕಣ್ಣು ಕೆಂಪು ತುಂಡಿನ ತೆರೆದ ಬದಿಯ ಮೇಲೆ ಬಿತ್ತು.

"ಇದು ಓಪನ್ ಯಾಕ ಐತಿ?"

"ಹೊಟ್ಟಿ. ಅಲ್ಲೇ ಮುಚ್ಚತೀನಿ."

"ಸಬಕೇ ಸಾಮ್ನೇ? ಈ ಕೈಲೆ?"

ಶೈಲಶ್ರೀ ಬಾಣಂತಿಯ ನೀರಿಗೆ ಗ್ಯಾಸ್ ಹಚ್ಚಲು ಒಳಗೆ ಹೋದಳು.

ರವಿವಾರ ಸೊಸೈಟಿಯ ಕೆಳಗಿನ ಹಾಲಿನಲ್ಲಿ ಜಮಖಾನೆ ಹಾಸಿದ್ದರು. ಗಣಪತಿ ಹಬ್ಬಕ್ಕೆ, ಸೊಸೈಟಿಯ ಮೀಟಿಂಗಿಗೆ, ಮಕ್ಕಳ ಬರ್ತ್‌ಡೇಗೆ ಆಗುವ ಹಾಲು. ಹೋದ ಯಾವುದೋ ಬರ್ತ್‌ಡೇಯ ಬಲೂನೊಂದು ಫ್ಯಾನಿನ ಹತ್ತಿರ ಸೊರಗಿ ನೇತಾಡುತ್ತಿತ್ತು. ಕಳಂಬೋಲಿಯ ಬೀಗರು ಟೆಂಪೋದಲ್ಲಿ ತೊಟ್ಟಿಲು ತಂದಿಳಿಸಿದರು. ಕಬ್ಬಿಣದ ಅಂಗಡಿಯ ಶಿವಪುತ್ರಪ್ಪ ಮೊಮ್ಮಗಳಿಗೆಂದು ತಾನೇ ನಿಂತು ಮಾಡಿಸಿದ ಕಬ್ಬಿಣದ ತೊಟ್ಟಿಲು. ಅದನ್ನು ಎತ್ತಲು ನಾಲ್ಕು ಗಂಡಸರು ಬೇಕಾದರು.

"ಬೀಗರ, ಕೂಸು ತೂಗಾಕ ಕ್ರೇನ್ ತಂದೀರಿಲ್ಲ?" ಎಂದ ರಾಜಶೇಖರ.

"ಈ ತೊಟ್ಟಲಾ ನಿಮ್ಮ ಮರಿಮೊಮ್ಮಕ್ಕಳನ್ನೂ ತೂಗತೈತ್ರಿ," ಎಂದರು ಶಿವಪುತ್ರಪ್ಪ, ಬೆವರು ಒರೆಸಿಕೊಳ್ಳುತ್ತ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಹೆಂಗಸರು ಅದಕ್ಕೆ ಚೆಂಡು ಹೂವಿನ ಮಾಲೆ ಸುತ್ತಿದರು.

ರತ್ನಾಬಾಯಿ ಗೋಡೆಗೆ ಒರಗಿ ಕೂತಿದ್ದಳು. ದೊಡ್ಡ ಮೈಯ, ಹಣೆತುಂಬ ವಿಭೂತಿಯ ಹೆಂಗಸು. ತೊಡೆಯ ಮೇಲೆ ಮಡಿಚಿದ ಹಳೆಯ ಕೌದಿಯಿತ್ತು. ತೊಳೆದು ತೊಳೆದು ಬಣ್ಣಗಳೆಲ್ಲ ಒಂದೇ ಆದಂಥದು. ಅದರ ಮೇಲೆ ಮಡಚಿಟ್ಟ ಅವಳ ಬೆರಳುಗಳ ಗಿಣ್ಣುಗಳು ಹಸಿ ಶುಂಠಿಯಂತೆ ಊದಿಕೊಂಡಿದ್ದವು.

"ತರ್ರಿ ಶೈಲವ್ವ, ನೋಡೂಣು," ಎಂದಳು.

ಶೈಲಶ್ರೀ ಕೌದಿಯನ್ನು ಅವಳ ಮುಂದೆ ಹಾಸಿದಳು. ಹೆಂಗಸರು ಸುತ್ತ ಸರಿದು ಬಂದರು. ಇಳಕಲ್ಲಿನ ಕೆಂಪು, ಖಣದ ಹಸಿರು, ಪಂಚೆಯ ಬಿಳಿ ಚಂದವಾಗಿ ಕೂತಿದ್ದವು. ದಾರ ಎಲ್ಲೂ ಕಾಣುತ್ತಿರಲಿಲ್ಲ. ರತ್ನಾಬಾಯಿ ಮುಖದ ಕಡೆ ನೋಡಲೇ ಇಲ್ಲ. ಮಗುಚಿದಳು. ಬೆನ್ನಿನ ಮೇಲೆ ಹೆಬ್ಬೆರಳು ಇಟ್ಟು ಒಂದು ಸಾಲಿನ ಉದ್ದಕ್ಕೂ ನಿಧಾನವಾಗಿ ಎಳೆದಳು. ಇನ್ನೊಂದು ಸಾಲು. ಬೆರಳು ನಿಂತಿತು.

"ಇದು ಮಷಿನ್ನು."

ಐಶ್ವರ್ಯಾ ಕೂಸನ್ನು ಎದೆಗೆ ಒತ್ತಿಕೊಂಡಳು.

"ಹೌದ್ರಿ ಅಕ್ಕಾರ," ಎಂದಳು ಶೈಲಶ್ರೀ. "ಮಷಿನ್ನು."

"ಕೈ ನೆಟ್ಟಗಾಗೈತಿ ಅಂದಿದ್ಲು ನಿಮ್ಮ ಮಗಳು."

"ಆಗಿಲ್ರಿ. ನನ್ನ ಮರ್ಯಾದಿ ಉಳಸಾಕ ಹೇಳಿದ್ಲು ಪಾಪ. ಆಕಿ ಮ್ಯಾಲೆ ಸಿಟ್ಟ ಮಾಡಬ್ಯಾಡ್ರಿ. ಏನ್ ಕೇಳೂದಿದ್ರೂ ನನ್ನ ಕೇಳ್ರಿ."

"ಕೇಳೂದೇನೈತಿ ಇದರಾಗ." ರತ್ನಾಬಾಯಿಯ ದನಿ ಏರಲಿಲ್ಲ. "ಕೈ ಆಗಲಿಲ್ಲಂದ್ರ ಇನ್ನೊಬ್ಬರ ಕೈಲೆ ಹೊಲಸಬೇಕಿತ್ತು. ಇಲ್ಲ, ನಮಗರ ಹೇಳಬೇಕಿತ್ತು. ನಮ್ಮವ್ವಂದು ಇರ್ಲಿ ಅಂತ ನಾ ತಂದೀನಿ. ಇದರಾಗ ನಾ ಮಲಗೇನಿ, ನಮ್ಮ ಪ್ರಭು ಮಲಗ್ಯಾನ. ಇದನ್ನ ಹಾಕೂಣು. ನಿಮ್ಮದು ಹೊದಸಾಕ ಇರ್ಲಿ."

"ಹೊದಸೂದು ನಿಮ್ಮದಿರ್ಲಿ. ಹಾಸೂದು ನಂದು," ಎಂದಳು ಶೈಲಶ್ರೀ. "ತಾಯಿಯ ತಾಯಿ ಹೊಲೀಬೇಕು. ಹೊಲದೀನಿ. ಯಾವುದರಲೆ ಹೊಲೀಬೇಕು ಅಂತ ನಮ್ಮವ್ವ ಹೇಳಿಲ್ಲ, ನಿಮ್ಮವ್ವನೂ ಹೇಳಿರಲಿಕ್ಕಿಲ್ಲ."

ಹಿಂದೆ ಕೂತಿದ್ದ ಯಾರೋ ಮುದುಕಿ ಬಾಯಿಗೆ ಸೆರಗು ಹಚ್ಚಿಕೊಂಡಳು. ರಾಜಶೇಖರ ಗಂಡಸರ ಕಡೆಯಿಂದ ಎದ್ದು ನಿಂತವನು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತ. ರತ್ನಾಬಾಯಿ ಕೌದಿಯನ್ನು ಮತ್ತೆ ಮುಖ ಮೇಲಾಗಿ ತಿರುಗಿಸಿ ಕೆಂಪು ತುಂಡಿನ ತೆರೆದ ಬದಿಯನ್ನು ಎರಡು ಬೆರಳಿಂದ ಅಗಲಿಸಿದಳು.

"ಹೊಟ್ಟಿ ತೆರದ ಐತಿ."

"ಮುಚ್ಚೂದು ಇಲ್ಲೇ ಅಲ್ಲೇನ್ರಿ?"

"ಇದನ್ನೂ ಮಷಿನ್ಯಾಗ ಮುಚ್ಚವರೇನು? ಟೆಂಪೋ ಐತಿ ಹೊರಗ, ತರಸೂಣೇನು?"

ನಾಲ್ಕಾರು ಜನ ನಕ್ಕರು. ಶೈಲಶ್ರೀ ಸೆರಗಿನ ಗಂಟು ಬಿಚ್ಚಿದಳು. ಚಿಟಿಕೆ ಜೋಳವನ್ನು ಹೊಟ್ಟೆಗೆ ಹಾಕಿ, ಉಳಿದದ್ದನ್ನು ಅಂಗೈಯಲ್ಲಿಟ್ಟು ಬೀಗತಿಯ ಮುಂದೆ ಚಾಚಿದಳು. ಆ ಕೈ ಎಡಗೈ ಅಲ್ಲ, ಬಲಗೈ. ಕಾಳುಗಳು ಅಂಗೈಯಲ್ಲಿ ಕುಣಿಯುತ್ತಿದ್ದವು. ಎಲ್ಲರೂ ನೋಡುವಂತೆ ಅವಳು ಅದನ್ನು ಹಾಗೇ ಹಿಡಿದಿದ್ದಳು. ರತ್ನಾಬಾಯಿ ಕಾಳುಗಳನ್ನು ನೋಡಿದಳು. ಊದಿದ ಬೆರಳುಗಳಿಂದ ಚಿಟಿಕೆ ಹಿಡಿಯಲು ಹೋಗಿ, ಆಗದೆ, ಶೈಲಶ್ರೀಯ ಅಂಗೈಯನ್ನೇ ಹೊಟ್ಟೆಯ ಮೇಲೆ ಬಗ್ಗಿಸಿದಳು. ಕಾಳು ಒಳಗೆ ಉರುಳಿದವು.

ಯಾರೋ ಸೂಜಿ ದಾರ ಕೊಟ್ಟರು. ಪೋಣಿಸಿಯೇ ಕೊಟ್ಟಿದ್ದರು. ಅದು ಬೆರಳಿಗೆ ಬಂದದ್ದೇ ತಡ, ಶೈಲಶ್ರೀಯ ಬಲಗೈ ಇಡಿಯಾಗಿ ಅದುರತೊಡಗಿತು. ಸೂಜಿಯ ತುದಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹುಳುವಿನಂತೆ ಮಿನುಗಿ ಮಿನುಗಿ ಓಡಾಡಿತು.

"ಬಿಡ್ರಿ ಆಂಟಿ, ನಾ ಹಾಕ್ತೀನಿ ಎರಡ ಟಾಕಿ," ಎಂದು ಪಕ್ಕದಲ್ಲಿದ್ದವಳು ಕೈ ಚಾಚಿದಳು.

"ಬ್ಯಾಡ," ಎಂದಳು ಶೈಲಶ್ರೀ.

ಚೀಲದೊಳಗೆ ಕೈ ಹಾಕಿ ಪಟ್ಟಿ ತೆಗೆದಳು.

"ಇದೇನ್ರಿ ಬೀಗತಿ, ಗಾಜಿನ ತುಂಡು?" ಎಂದಳು ರತ್ನಾಬಾಯಿ.

"ಇದು ನನ್ನ ಕೈರಿ."

ಕೆಂಪು ತುಂಡಿನ ಅಂಚನ್ನು ಹರಿದದ್ದು ಒಳಹೋಗುವಂತೆ ಮಡಚಿ, ಪಟ್ಟಿಯನ್ನು ಅದರ ಬದಿಗೆ ಕೂಡಿಸಿ ಎಡ ಅಂಗೈಯನ್ನು ಊರಿದಳು. ಗಾಳೆಯಲ್ಲಿ ಒತ್ತುವಷ್ಟೇ ಒತ್ತಿದಳು. ಬಲ ಮಣಿಕಟ್ಟನ್ನು ಪಟ್ಟಿಯ ಮೇಲೆಯೇ ಇಳಿಸಿದಳು. ಸೂಜಿಯ ಮೈಯನ್ನು ಪಟ್ಟಿಯ ದಪ್ಪ ಅಂಚಿಗೆ ಆನಿಸಿ ಕೆಳಗೆ ಬಿಟ್ಟಳು. ಅಂಚಿಗೆ ತಾಗಿದ ಸೂಜಿ ಒಮ್ಮೆ ಕಟಕಟ ಎಂದು ಸುಮ್ಮನಾಯಿತು. ಬಟ್ಟೆಯೊಳಗೆ ಇಳಿಯಿತು. ಬೆರಳಿನಿಂದ ತಡಕಿ, ಕಾಳೊಂದನ್ನು ಪಕ್ಕಕ್ಕೆ ಸರಿಸಿ, ಮೇಲೆತ್ತಿದಳು. ದಾರ ಎಳೆದಳು. ಎಳೆಯುವಾಗ ಕೈ ಗಾಳಿಯಲ್ಲಿ ಮನಬಂದಂತೆ ನಡುಗಿತು, ಅದನ್ನು ಮುಚ್ಚಲು ಅವಳು ಹೋಗಲಿಲ್ಲ. ಮತ್ತೆ ಪಟ್ಟಿಗೆ ತಂದಳು. ಮತ್ತೆ ಇಳಿಸಿದಳು.

ಹೊತ್ತು ಹಿಡಿಯಿತು. ಹಸಿದ ಗಂಡಸರು ಊಟದ ಕಡೆ ನೋಡಿದರು. ಕೂಸು ಅಳಲು ಶುರುಮಾಡಿ ತಾನೇ ನಿಲ್ಲಿಸಿತು. ಯಾರೋ ಹುಡುಗಿ ಫೋನೆತ್ತಿ ವಿಡಿಯೋ ಮಾಡಲು ಹೋದಾಗ ಐಶ್ವರ್ಯಾ ಅವಳ ಕೈಯನ್ನು ಕೆಳಗೆ ತಳ್ಳಿದಳು. ಹೊಲಿಗೆ ಸಂದಿನಲ್ಲಿ ಮುಳುಗಲಿಲ್ಲ. ಮೇಲೆಯೇ ಕೂತಿತು, ಕೆಂಪಿನ ಮೇಲೆ ಬಿಳಿ ದಾರ, ಒಂದು ಗಿಡ್ಡ, ಒಂದು ಉದ್ದ, ಆದರೆ ಒಂದೇ ಗೆರೆಯಲ್ಲಿ.

ಕೊನೆಯ ಗಂಟು ಹಾಕಿ ಹಲ್ಲಿನಿಂದ ದಾರ ಕಡಿದು ಶೈಲಶ್ರೀ ಎದ್ದಳು. ಯಾರನ್ನೂ ಕೇಳಲಿಲ್ಲ. ಕೌದಿಯನ್ನು ಕೊಡವಿ ಕಬ್ಬಿಣದ ತೊಟ್ಟಿಲಿನಲ್ಲಿ ಹಾಸಿ, ಅಂಗೈಯಿಂದ ಮೂಲೆ ಮೂಲೆ ಸವರಿದಳು. ಆಮೇಲೆ ಮಗಳ ಕಡೆ ತಿರುಗಿ ಎರಡೂ ಕೈ ಚಾಚಿದಳು. ಐಶ್ವರ್ಯಾ ಒಮ್ಮೆ ಅತ್ತೆಯ ಕಡೆ ನೋಡಿದಳು. ನೋಡಿದವಳು ಎದ್ದು ಬಂದು ಕೂಸನ್ನು ತಾಯಿಯ ಕೈಯಲ್ಲಿಟ್ಟಳು. ಕೂಸು ಭಾರವಾಗಿತ್ತು, ಕೈ ನಡುಗಲಿಲ್ಲ.

ಹೆಂಗಸರು ತೊಟ್ಟಿಲ ಸುತ್ತ ನೆರೆದರು. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು. ಪದ್ಧತಿಯಂತೆ ಎಲ್ಲರೂ ಅವಳ ಬೆನ್ನಿಗೆ ಗುದ್ದಿದರು, ನಗು ಎದ್ದಿತು, ಯಾರೋ ಜೋಗುಳ ಎತ್ತಿದರು. ಶೈಲಶ್ರೀ ತೊಟ್ಟಿಲ ಹಗ್ಗ ಹಿಡಿದು ತೂಗತೊಡಗಿದಳು. ತಲೆ ಎಣಿಸುವಂತೆ ಸುತ್ತ ನೋಡಿದಾಗ ರತ್ನಾಬಾಯಿ ಗುಂಪಿನಲ್ಲಿ ಕಾಣಲಿಲ್ಲ.

ಅವಳು ಗೋಡೆಯ ಬಳಿ ಕೂತಲ್ಲೇ ಕೂತಿದ್ದಳು. ಜಮಖಾನೆಯ ಮೇಲೆ ಉಳಿದಿದ್ದ ಪಟ್ಟಿ ಈಗ ಅವಳ ಕೈಯಲ್ಲಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿ, ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದಳು. ಆಮೇಲೆ ತೊಡೆಯ ಮೇಲಿನ ಹಳೆಯ ಕೌದಿಯ ಮಡಿಕೆಯೊಂದನ್ನು ಬಿಚ್ಚಿದಳು. ಅಲ್ಲಿ ಅಂಚು ಒಂದು ಗೇಣಿನಷ್ಟು ಬಿಟ್ಟುಕೊಂಡು, ಒಳಗಿನ ಚಿಂದಿ ಹೊರಗೆ ಇಣುಕುತ್ತಿತ್ತು. ರತ್ನಾಬಾಯಿ ಯಾರೂ ನೋಡುತ್ತಿಲ್ಲವೆಂದುಕೊಂಡು ಪಟ್ಟಿಯನ್ನು ಆ ಬಿರುಕಿನ ಪಕ್ಕಕ್ಕೆ ಇಟ್ಟು, ಊದಿದ ಬೆರಳುಗಳನ್ನು ಅದರ ಮೇಲೆ ಊರಿ ಒತ್ತಿದಳು.

ಸೋಮವಾರದ ಕೆಲಸಕ್ಕೆ ಪಟ್ಟಿ ಬೇಕಿತ್ತು. ಆದರೂ ಶೈಲಶ್ರೀ ಅದನ್ನು ವಾಪಸ್ ಕೇಳಲು ಹೋಗಲಿಲ್ಲ. ಹಗ್ಗ ಎಳೆದಳು, ಬಿಟ್ಟಳು. ತೊಟ್ಟಿಲು ಅತ್ತ ಹೋಗಿ ಇತ್ತ ಬರುವಾಗ, ಜೋಗುಳದ ನಡುವೆ ಬಿಡುವು ಸಿಕ್ಕಾಗ, ಕೂಸಿನ ಬೆನ್ನ ಕೆಳಗೆ ಜೋಳ ಸಣ್ಣಗೆ ಸರಿದಾಡುವ ಸದ್ದು ಕೇಳುತ್ತಿತ್ತು.